ಅತ್ತೆಯ ಚೆನ್ನೆಮಣೆಗೆ ಅರ್ಧ ನಿಮಿಷದ ಗಡುವು

ಬಿಜೂರಿನ ನಮ್ಮ ಅತ್ತೆಯ ಜತೆ ಚೆನ್ನೆಮಣೆ ಆಡುವವರು ಹೊಟ್ಟೆ ತುಂಬ ಉಂಡು, ಮನೆಯಲ್ಲಿ ಹೇಳಿ, ಸಾಧ್ಯವಾದರೆ ರಜೆಯನ್ನೂ ಹಾಕಿ ಬರುವುದು ಒಳ್ಳೆಯದು! ಆ ಹದಿನಾಲ್ಕು ಗುಳಿಯ ಮಣೆಯಲ್ಲಿ ಒಂದು ಗುಳಿಯಿಂದ ಕಾಳೆತ್ತಲು ಅವರು ಮಾಡುವಷ್ಟು ಯೋಚನೆಯನ್ನು ಜನ ಹೆಣ್ಣು ನೋಡಲು ಹೋದಾಗಲೂ ಮಾಡುವುದಿಲ್ಲ. ಒಮ್ಮೆ ಅವರ ಸರದಿ ಬಂದಾಗ ನಾನೆದ್ದು ಉಪ್ಪುಂದಕ್ಕೆ ಹೋಗಿ, ಬಂಗುಡೆ ಮೀನಿಗೆ ಚೌಕಾಸಿ ಮಾಡಿ ವಾಪಸು ಬಂದೆ. ಅತ್ತೆ ಅದೇ ಗುಳಿಯನ್ನು ದಿಟ್ಟಿಸುತ್ತಿದ್ದರು. ನನ್ನನ್ನು ಕಂಡು, "ಎಂತ ಗಡಿಬಿಡಿ ಮರಾಯ ನಿಂದ್" ಎಂದರು.

ಅವರ ಗಂಡ, ಅಂದರೆ ನಮ್ಮ ಮಾವ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ತೆಂಗಿನಕಾಯಿ ವ್ಯಾಪಾರ. ಕಳೆದ ವರ್ಷ ಎದೆನೋವು ಬಂದು ಸ್ಟೆಂಟ್ ಹಾಕಿದ ಮೇಲೆ, ಮಧ್ಯಾಹ್ನ ಮಲಗಲೇಬೇಕೆಂದು ಡಾಕ್ಟರು ತಾಕೀತು ಮಾಡಿದರು. ಮಾವ ಕೇಳುತ್ತಾರೆಯೇ? ಕೈ ತೊಳೆದ ನೀರು ಆರುವ ಮೊದಲೇ ಸ್ಕೂಟರು ಹಾಲಾಡಿ ದಾರಿ ಹಿಡಿದಿರುತ್ತಿತ್ತು! ಅತ್ತೆ ಬೈದರು, ಅತ್ತರು, ಹರಕೆ ಹೊತ್ತರು. ಕೊನೆಗೊಂದು ದಿನ ಚೆನ್ನೆಮಣೆ ತಂದಿಟ್ಟರು. ಮಳೆಗಾಲದ ಆಸಾಡಿ ತಿಂಗಳು ಕಳೆದರೆ ಮಣೆ ಒಳಗಿಡಬೇಕೆಂದು ನಮಗೆಲ್ಲ ಗದರುತ್ತಿದ್ದವರು ಆಮೇಲೆ ವರ್ಷವಿಡೀ ಆಡತೊಡಗಿದರು; ಈ ನಿಧಾನವೂ ಆಗಲೇ ಹತ್ತಿಕೊಂಡದ್ದು, ಯಾರ ಜತೆ ಕೂತರೂ ಅದೇ. ಹೆಂಡತಿಯ ಎದುರು ಆಟ ಬಿಟ್ಟೇಳುವ ಗಂಡಸೇ ನಮ್ಮ ಮಾವ? ಕೂತರು.

ಇಲ್ಲಿ ನನ್ನ ಪ್ರವೇಶ. ನಾನು ಬ್ರಹ್ಮಾವರದಲ್ಲಿ ಬಸ್ಸು ಕಾಯುತ್ತಲೇ ಮೊಬೈಲಿನಲ್ಲಿ ಮೂರು ನಿಮಿಷದ ಚೆಸ್ ಆಡಿ ಮುಗಿಸುವ ಜಾತಿ. ಗಡುವಿದ್ದರೆ ಬುದ್ಧಿ ಚುರುಕಾಗುತ್ತದೆಂಬುದು ನನ್ನ ಸಿದ್ಧಾಂತ. (ಆಡಿದ್ದರಲ್ಲಿ ಮುಕ್ಕಾಲು ಸೋತಿದ್ದೇನೆ, ಅದು ಬೇರೆ ಮಾತು!) ಬಿಜೂರಿಗೆ ಹೋದವನೇ ಮಣೆಯ ಪಕ್ಕ ಮೊಬೈಲಿನ ಟೈಮರ್ ಇಟ್ಟೆ. ಒಂದು ಸರದಿಗೆ ಅರ್ಧ ನಿಮಿಷ. ಮಾವ ಹಿಗ್ಗಿ ಹೀರೇಕಾಯಿಯಾದರು. ಅತ್ತೆ ನನ್ನನ್ನು ಸುಡುವಂತೆ ನೋಡಿದರು.

ಆಟ ಶುರುವಾಯಿತು. ಮಾವ ಗಾಬರಿಯಲ್ಲಿ ಒಂದೇ ಗುಳಿಗೆ ಎರಡೆರಡು ಕಾಳು ಹಾಕಿದರು, ನಾಲ್ಕು ಕಾಳು ಮಂಚದಡಿ ಉರುಳಿದವು. ಅತ್ತೆ? ಮಾವ ಕೈ ತೆಗೆಯುವುದೇ ತಡ, ಇವರ ಬೆರಳು ಓಡುತ್ತಿತ್ತು! ಮಣೆ ಕ್ಷಣದಲ್ಲಿ ಬರಿದಾಯಿತು. ಸೋತ ಮಾವ, ನಾಳೆ ನೋಡಿಕೊಳ್ಳುತ್ತೇನೆ ಎಂದು ಸ್ಕೂಟರ್ ಏರಿ ಸುಡುಬಿಸಿಲಿಗೆ ಹೊರಟೇಬಿಟ್ಟರು.

ನಾನು ಬಾಯಿ ಬಿಟ್ಟುಕೊಂಡು ಕೇಳಿದೆ: "ಅತ್ತೆ, ಇಷ್ಟ್ ಬೇಗ ಆಡುಕ್ ಬತ್ತ್ ಅಂದ್ರೆ ದಿನಾ ಅಷ್ಟೊತ್ತ್ ಎಂತಕ್ ಕೂಕಂಬುದ್?"

"ಗೆಲ್ಲುದ್ ಯಾರಿಗ್ ಬೇಕಿತ್ತ್?" ಅತ್ತೆಯ ಕಣ್ಣು ಗೇಟಿನ ಮೇಲೇ ಇತ್ತು. "ನಾ ಯೋಚ್ನಿ ಮಾಡ್ತಾ ಕೂಕಂಡ್ರೆ ಅವ್ರಿಗೆ ಅಲ್ಲೇ ನಿದ್ರಿ ಬತ್ತ್."

ನಾನು ಟೈಮರ್ ಆರಿಸಿದೆ. ಸ್ಕೂಟರಿನ ಸದ್ದು ಮರಳಿ ಕೇಳುವವರೆಗೆ ಇಬ್ಬರೂ ಜಗಲಿ ಬಿಟ್ಟೇಳಲಿಲ್ಲ.

ಮರುದಿನ ಊಟವಾದದ್ದೇ ಮಾವ ಟೈಮರ್ ಕೇಳಿದರು. ಮೊಬೈಲು ಕೆಟ್ಟಿದೆ ಎಂದು ಹಸಿಸುಳ್ಳು ಹೇಳಿದೆ. ಅತ್ತೆ ಒಂದು ಗುಳಿಯ ಮೇಲೆ ಕಣ್ಣು ನೆಟ್ಟು ಕೂತರು. ಮಾವ ಆಕಳಿಸಿದರು, ಗೋಡೆಗೊರಗಿದರು, ಸಣ್ಣಗೆ ಗೊರಕೆ ಶುರುವಾಯಿತು. ಆಗ ಅತ್ತೆ ಸದ್ದಾಗದಂತೆ ಒಂದೊಂದೇ ಕಾಳು ಬಿಟ್ಟು ತಮ್ಮ ಆಟ ಮುಗಿಸಿದರು. ಎಬ್ಬಿಸಲೇ ಎಂದು ಕಣ್ಣಲ್ಲೇ ಕೇಳಿದೆ.

"ಬ್ಯಾಡ," ಎಂದು ಪಿಸುಗುಟ್ಟಿದರು ಅತ್ತೆ. "ಈಗ ಅವ್ರ್ ಸರದಿ. ಎಷ್ಟ್ ಹೊತ್ತ್ ಬೇಕಾರೂ ತಕಣ್ಲಿ."