ಸವಿನುಡಿ ರತ್ನ ಬೈದದ್ದು

ಎಲ್ಲಕ್ಕೂ ಕಾರಣ ಗುಡ್ಡಪ್ಪನ ಬಾಯೊಳಗಿನ ಎಲೆಯಡಿಕೆ. ಆತ ಅದನ್ನು ನುಂಗಿದ್ದರೆ, ಇಲ್ಲವೇ ಹಿರೇಕೆರೂರು ಬರುವತನಕ ದವಡೆಯಲ್ಲೇ ಇಟ್ಟುಕೊಂಡಿದ್ದರೆ, ನೀಲಾಂಬಿಕಾ ಟೀಚರ್ ಆ ಭಾನುವಾರವನ್ನು ಸುಖವಾಗಿ ಕಳೆಯುತ್ತಿದ್ದರು. ಆದರೆ ಹಂಸಭಾವಿ ಬಿಟ್ಟ ಬಸ್ಸು ವೇಗ ಹಿಡಿದದ್ದೇ ತಡ, ಮುಂದಿನ ಸೀಟಿನಲ್ಲಿದ್ದ ಆ ಮುದುಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಪಿಚಕ್ಕನೆ ಉಗುಳಿದ. ಗಾಳಿ ಅದನ್ನು ಹಿಂದಿನ ಕಿಟಕಿಯಿಂದ ಒಳಕ್ಕೆ ತಂದು ಟೀಚರ ಹಳದಿ ರೇಷ್ಮೆ ಸೀರೆಯ ಮೇಲೆ ಎರಚಿತು.

ನೀಲಾಂಬಿಕಾ ಹಂಸಭಾವಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು. ಸುತ್ತಲಿನ ಯಾವ ಸಮಾರಂಭವಾದರೂ ನಿರೂಪಣೆ ಅವರದೇ. 'ವೇದಿಕೆಯ ಮೇಲೆ ಆಸೀನರಾಗಿರುವ...' ಎಂದು ಅವರು ಶುರು ಮಾಡಿದರೆ, ಮೇಲೆ ಕುಳಿತವರು ತಮ್ಮ ಕೆಳಗಿರುವುದು ಪ್ಲಾಸ್ಟಿಕ್ ಕುರ್ಚಿ ಎಂಬುದನ್ನು ಮರೆತು ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಅಡುಗೆಮನೆಗೆ ನುಗ್ಗಿದ ಬೆಕ್ಕಿಗೂ 'ಆಚೆ ಹೋಗಿರಿ' ಎನ್ನುವ ಹೆಣ್ಣುಮಗಳು. ಈ ನಾಲಿಗೆಯನ್ನು ಗೌರವಿಸಲೆಂದೇ ಹಿರೇಕೆರೂರಿನ ಸವಿಗನ್ನಡ ಬಳಗದವರು ಅವತ್ತು ಮಧ್ಯಾಹ್ನ 'ಸವಿನುಡಿ ರತ್ನ' ಎಂಬ ಬಿರುದು ಕೊಡುವವರಿದ್ದರು. ಇಷ್ಟು ವರ್ಷ ಬೇರೆಯವರಿಗೆ ಶಾಲು ಹೊದಿಸುವಾಗ ಮೈಕು ಹಿಡಿದು ಪಕ್ಕಕ್ಕೆ ನಿಂತಿದ್ದ ಟೀಚರಿಗೆ ಮೊದಲ ಸಲ ತಮ್ಮ ಹೆಗಲಿಗೇ ಶಾಲು ಬೀಳುವುದಿತ್ತು. ಹಳದಿ ರೇಷ್ಮೆ ಉಟ್ಟದ್ದು ಅದಕ್ಕೇ.

ಸೀರೆಯ ಮೇಲಿನ ಕೆಂಪು ಕಂಡದ್ದೇ ಅವರ ಬಾಯಿ ತೆರೆಯಿತು.

"ನಿನ್ನ ನಾಲಿಗಿಗೆ ಹುಳಾ ಬೀಳ್ಲಿ, ಭಾಡ್ಯಾ! ಬಾಯಿ ಐತೋ ಬಚ್ಚಲ ಐತೋ ಅದು? ನಾಳೆ ನಿನ್ನ ಹೆಣಾ ಹೊರಾವರ ಮ್ಯಾಲೂ ಉಗುಳಾಂವ ನೀ!"

ಕಂಡಕ್ಟರ್ ಅರ್ಧ ಹರಿದ ಟಿಕೀಟನ್ನು ಹಾಗೆಯೇ ಹಿಡಿದು ನಿಂತ. ಇಂಥ ಮಾತು ಯಾರು ಆಡಿದರೆಂದು ಟೀಚರ್ ತಾವೂ ಹಿಂದೆ ತಿರುಗಿ ನೋಡಿದರು. ಹಿಂದಿನ ಸೀಟಿನಲ್ಲಿ ಅಲ್ಲಿಯವರೆಗೆ ಕಿಟಕಿಯಾಚೆಯ ವಿಡಿಯೋ ಹಿಡಿಯುತ್ತಿದ್ದ ಒಂದು ಮೊಬೈಲು ಈಗ ಅವರ ಮುಖವನ್ನೇ ನೋಡುತ್ತಿತ್ತು. ಆಗ ಗೊತ್ತಾಯಿತು, ಆಡಿದ್ದು ತಾವೇ. ಚಿಕ್ಕಂದಿನಲ್ಲಿ ಅಬಲೂರಿನ ಅಜ್ಜಿ ದನ, ಮಕ್ಕಳು, ಮೊಮ್ಮಕ್ಕಳು ಎಂದು ಭೇದ ಮಾಡದೆ ಬೈಯುತ್ತಿದ್ದ ಮಾತುಗಳು, ಯಾವ ಮೂಲೆಯಲ್ಲಿ ಅಡಗಿದ್ದವೋ, ಒಂದಕ್ಷರವೂ ಸವೆಯದೆ ಹೊರಗೆ ಬಿದ್ದಿದ್ದವು.

ಗುಡ್ಡಪ್ಪ ಮಾತ್ರ ಹಿಂದೆ ತಿರುಗಲೇ ಇಲ್ಲ. ತಲೆಯನ್ನು ಟವೆಲಿನೊಳಗೆ ಆಮೆಯಂತೆ ಎಳೆದುಕೊಂಡು ಕೂತವನು ಹಿರೇಕೆರೂರು ಬಂದೊಡನೆ ಮುಂಬಾಗಿಲಿನಿಂದ ಇಳಿದು ಜನರಲ್ಲಿ ಕಾಣೆಯಾದ.

ಟೀಚರ್ ಇನ್ನೂ ಬಸ್‌ಸ್ಟ್ಯಾಂಡಿನಲ್ಲಿರುವಾಗಲೇ ಫೋನು ಬಂತು. ಅನೀಸ. ಅವರ ಶಾಲೆಯಲ್ಲೇ ಗಣಿತ ಕಲಿಸುವವಳು, ಮನೆ ಹಿರೇಕೆರೂರಿನಲ್ಲಿ.

"ನೀಲಕ್ಕಾ, ಎಲ್ಲಿದ್ದೀರಿ?"

"ಈಗ ತಾನೇ ಬಸ್ಸಿನಿಂದ ಇಳಿದೆ, ಅನೀಸ."

"ಅಲ್ಲೆ ನಿಂದರಬ್ಯಾಡ್ರಿ. ಸೆರಗ ಹೊಚ್ಕೊಂಡು ಸೀದಾ ನಮ್ಮನಿಗೆ ಬರ್ರಿ. ನಿಮಗಿಂತ ಮೊದಲ ನಿಮ್ಮ ವಿಡಿಯೋ ಊರಾಗ ಇಳದೈತಿ."

ದಾರಿಯುದ್ದಕ್ಕೂ ಟೀಚರ್ ಸೆರಗನ್ನು ಮುಖದ ಮೇಲಕ್ಕೆ ಎಳೆದುಕೊಳ್ಳುತ್ತ ನಡೆದರು. ಹಣ್ಣಿನ ಗಾಡಿಯವ ನಕ್ಕರೆ ತಮ್ಮನ್ನು ನೋಡಿಯೇ ನಕ್ಕ ಅನ್ನಿಸಿತು. ಮೊಬೈಲು ಹಿಡಿದ ಇಬ್ಬರು ಹುಡುಗಿಯರು 'ಹುಳಾ ಬೀಳ್ಲಿ' ಎನ್ನುತ್ತ ಪರಸ್ಪರ ತಳ್ಳಾಡಿಕೊಂಡು ಹೋದಾಗ ಸಂಶಯವೇ ಉಳಿಯಲಿಲ್ಲ.

ಅನೀಸಳ ಮನೆಯಲ್ಲಿ ಪಕ್ಕದ ಮನೆಯ ವೀರವ್ವ ಆಗಲೇ ಬಂದು ಕೂತಿದ್ದಳು. ಬಾಯಲ್ಲಿ ಹಲ್ಲು ಕಡಿಮೆ, ಅಭಿಪ್ರಾಯ ಜಾಸ್ತಿ. ಅನೀಸ ವಿಡಿಯೋ ತೋರಿಸಿದಳು. ಮೇಲೆ ಯಾರೋ 'ಬಸ್ಸಿನಲ್ಲಿ ಭದ್ರಕಾಳಿ' ಎಂದು ಬರೆದಿದ್ದರು. ಗಾಳಿಗೆಂದು ಹೊದ್ದ ಸೆರಗಿನಿಂದಾಗಿ ಅರ್ಧ ಮುಖವಷ್ಟೇ ಕಾಣುತ್ತಿತ್ತು. ಮಾತು ಮಾತ್ರ ಪೂರ್ತಿ ಕೇಳುತ್ತಿತ್ತು.

"ಇದರಾಗ ಬೈಗುಳಾ ಎಲ್ಲೈತಿ?" ವೀರವ್ವ ಕೇಳಿದಳು. "ನಮ್ಮತ್ತಿ ನನ್ನ ಉಣ್ಣಾಕ ಕರಿಯೂದ ಹಿಂಗ. 'ಭಾಡ್ಯಾ' ಅನ್ನೂದು ಒಂದ ಬೈಗುಳೇನ? ಅದು ಮಾತಿನ ಉಪ್ಪು."

"ಈಗ ಕಾಲ ಹಂಗಿಲ್ಲಬೇ," ಅನೀಸ ಹೇಳಿದಳು. "ಹೋದ ತಿಂಗಳು ನಾ ಒಬ್ಬ ಹುಡುಗಗ 'ಲೇ' ಅಂದಿದ್ದಕ್ಕ ಅವರಪ್ಪ ಹೆಡ್‌ಮಾಸ್ತರ್ ಕಡೆ ಬಂದು ಕುಂತಿದ್ದ."

"ಈಗಿನ ಮಕ್ಕಳು ಬಾಳ ಶುದ್ಧ ಬಿಡವಾ. ನಮ್ಮ ಮೊಮ್ಮಗಳು ಒಂದ ದಿನಾ ಬೈಯೂದಿಲ್ಲ. ಏನರ ಕೈ ಜಾರಿ ಬಿದ್ರ 'ಶಿಟ್' ಅಂತಾಳ, ಅಷ್ಟ. ಏನೋ ದೇವರ ಹೆಸರ ಇದ್ದಂಗೈತಿ."

ಅನೀಸ ವೀರವ್ವನ ಕಿವಿಯಲ್ಲಿ ಅದರ ಅರ್ಥ ಹೇಳಿದಳು. ವೀರವ್ವ ಕೆನ್ನೆಗೆ ಕೈ ಹಚ್ಚಿಕೊಂಡಳು.

"ಅಯ್ಯಯ್ಯ ನಮ್ಮವ್ವಾ! ಉಣ್ಣಾಕ ಕುಂತಾಗೆಲ್ಲಾ ಅಂತೈತಲ್ಲ ಅದು! ನಿನ್ನೆ ನಾನೂ ಅಂದೇನಿ, ಸ್ವಾಮಿಗಳ ಮುಂದ!"

ನಗುವ ಸ್ಥಿತಿಯಲ್ಲಿ ಟೀಚರ್ ಇರಲಿಲ್ಲ. ಅವರ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಬಳಗದ ಅಧ್ಯಕ್ಷ ಶಿದ್ಲಿಂಗಪ್ಪ. ಬಟ್ಟೆ ಅಂಗಡಿಯ ಮಾಲೀಕ, ಸಿಟ್ಟು ಬಂದರೆ ಬಳಗವನ್ನೂ ಅಂಗಡಿಯಂತೆ ಶಟರ್ ಎಳೆದು ಮುಚ್ಚಬಲ್ಲ ಮನುಷ್ಯ. ಟೀಚರ್ ಫೋನನ್ನು ಕಾದ ಹಂಚಿನಂತೆ ನೆಲಕ್ಕಿಟ್ಟರು.

"ಎತ್ರಿ ಅಕ್ಕಾ. ನಾನಲ್ಲ ಅಂತ ಹೇಳ್ರಿ. ಅರ್ಧ ಮಾರಿ ಅಷ್ಟ ಕಾಣ್ತೈತಿ."

"ಸುಳ್ಳು ಹೇಳುವುದು ಹೇಗೆ, ಅನೀಸ?"

"ಬೈಯೂದು ಆತು, ಇನ್ನ ಸುಳ್ಳಿಗೆ ಯಾಕ ಅಂಜ್ತೀರಿ?"

ಟೀಚರ್ ಎತ್ತಿದರು. ಆ ಕಡೆಯಿಂದ ಶಿದ್ಲಿಂಗಪ್ಪನ ಉಸಿರು ಮೊದಲು ಬಂತು, ಮಾತು ಆಮೇಲೆ.

"ಟೀಚರ್, ಒಂದು ವಿಡಿಯೋ ಬಂದೈತ್ರಿ. ನೋಡಿ ನನ್ನ ಬಿ.ಪಿ. ಏರೇತಿ. ಬ್ಯಾನರ್ ಕಟ್ಟೇವಿ, ಉಪ್ಪಿಟ್ಟಿಗೆ ರವಾ ಹುರದೈತಿ. ಆ ಹೆಂಗಸು ನೀವಲ್ಲ ಅಂತ ಒಂದ ಮಾತ ಹೇಳಿಬಿಡ್ರಿ."

"ಅದು..." ಟೀಚರ್ ಅನೀಸಳ ಮುಖ ನೋಡಿದರು, ಗೋಡೆ ನೋಡಿದರು. ಇನ್ನೂ ಬೀಳದ ಶಾಲಿನ ಬಿಸುಪು ಹೆಗಲಿನಿಂದ ಜಾರುತ್ತಿರುವಂತೆ ಅನ್ನಿಸಿತು. "ಅದು ನಾನಲ್ಲ."

"ನನಗ ಗೊತ್ತಿತ್ರಿ! ಗೊತ್ತಿತ್ತು!"

ಹಳದಿ ರೇಷ್ಮೆ ಅನೀಸಳ ಬಚ್ಚಲ ಬಕೆಟ್ಟಿಗೆ ಹೋಯಿತು. ಅನೀಸಳ ಹಸಿರು ಸೀರೆ ಉಟ್ಟು, ಅವಳದೇ ರವಿಕೆಯಲ್ಲಿ ಉಸಿರು ಹಿಡಿದುಕೊಂಡು, ಟೀಚರ್ ಅನೀಸ, ವೀರವ್ವರ ಜೊತೆ ಸಭೆಗೆ ಹೊರಟರು.

ಸಭಾಭವನ ಕಿಕ್ಕಿರಿದಿತ್ತು. ಸವಿಗನ್ನಡದ ಸಭೆಗೆ ಯಾವತ್ತೂ ಇಷ್ಟು ಜನ ಬಂದದ್ದಿಲ್ಲ. ಎಲ್ಲರ ಕೈಯಲ್ಲಿ ಮೊಬೈಲು, ಎಲ್ಲರ ಕಣ್ಣು ವೇದಿಕೆಯ ಮೇಲೆ. ಟೀಚರ್ ಕುರ್ಚಿಯ ತುದಿಯಲ್ಲಿ ಕುಳಿತರು. ಹಣೆಯ ಬೆವರು ಒರೆಸಿದರೆ ತಪ್ಪಿತಸ್ಥೆ ಎಂದುಕೊಂಡಾರು, ಒರೆಸದಿದ್ದರೂ ಹಾಗೇ ಅಂದುಕೊಂಡಾರು.

ಶಿದ್ಲಿಂಗಪ್ಪ ಮೈಕು ಹಿಡಿದ.

"ಮಹನೀಯರೇ, ಇವತ್ತು ಯಾವನೋ ಹಲ್ಕಟ್ ನನ ಮಗ ಒಂದು ವಿಡಿಯೋ ಬಿಟ್ಟು, ಅದು ನಮ್ಮ ಟೀಚರ್ ಅಂತ ಸುದ್ದಿ ಹಬ್ಬಿಸ್ಯಾನ. ಆ ಹೆಂಗಸು ಯಾವಾಕಿ ಅದಾಳೋ ಆ ಮೂಳಿ, ಆಕಿಗೆ ನಾಚಿಕಿ ಅನ್ನೂದ ಐತೇನ್ರಿ? ಅಂಥಾಕಿ ಬಾಯಾಗ ಬೆಂಕಿ ಹಾಕ! ಸಭ್ಯತೆ ಅನ್ನೂದು ಎಲ್ಲಿ ಹೋತ್ರಿ ನಮ್ಮ ನಾಡಾಗ?"

ಜನ ಚಪ್ಪಾಳೆ ತಟ್ಟಿದರು. ಟೀಚರೂ ತಟ್ಟಿದರು, ತಟ್ಟದೆ ವಿಧಿ ಇರಲಿಲ್ಲ. ಶಾಲು ಬಿತ್ತು, ಹಾರ ಬಿತ್ತು, 'ಸವಿನುಡಿ ರತ್ನ' ಎಂದು ಬರೆದ ಫಲಕ ಕೈಗೆ ಬಂತು. ಇನ್ನೇನು ವಂದನಾರ್ಪಣೆ ಮುಗಿದರೆ ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು. ಟವೆಲು ಹೆಗಲಿಗೆ ಹಾಕಿಕೊಂಡ ಗುಡ್ಡಪ್ಪ ಜನರನ್ನು ಸರಿಸಿಕೊಂಡು ಮುಂದೆ ಬರುತ್ತಿದ್ದ.

"ಬೈಸಿಕೊಂಡಾಂವ ಬಂದ, ಬೈಸಿಕೊಂಡಾಂವ!" ಎಂದು ಯಾರೋ ಪಿಸುಗುಟ್ಟಿದರು. ಮೊಬೈಲುಗಳೆಲ್ಲ ಮೇಲೆದ್ದವು. ಟೀಚರ್ ಫಲಕವನ್ನು ಮುಖಕ್ಕೆ ಅಡ್ಡ ಹಿಡಿದರು.

ಗುಡ್ಡಪ್ಪ ವೇದಿಕೆ ಹತ್ತಿದವನೇ ಕೈ ಮುಗಿದ.

"ಯಪ್ಪಾ, ಯವ್ವಾ, ನಾ ಗುಡ್ಡಪ್ಪ ಅಂತ, ಜಗಳಾ ಮಾಡಾಕ ಬಂದಿಲ್ರಿ. ಆ ತಾಯಿ ಎಲ್ಲಿ ಅದಾಳ ಅಂತ ಕೇಳಾಕ ಬಂದೇನಿ. ನಮ್ಮವ್ವ ಇರೂತನಾ ದಿನಾ ಹಿಂಗ ಬೈತಿದ್ಲು. ಉಂಡ್ರ ಬೈತಿದ್ಲು, ಉಣಲಿಲ್ಲಂದ್ರ ಬೈತಿದ್ಲು. ಆಕಿ ಹೋದ ಮ್ಯಾಲ ನಮ್ಮನ್ಯಾಗ ಎಲ್ಲಾರೂ 'ರೀ' ಹಚ್ಚಿ ಮಾತಾಡ್ತಾರ. ಸೊಸಿ ಮೊಬೈಲ್ ನೋಡ್ಕೋತ 'ಮಾವಾರ, ಊಟಾ ಮಾಡ್ರಿ' ಅಂತಾಳ. ಬಾಳ ಮರ್ಯಾದಿ ಐತ್ರಿ. ನಾ ಉಂಡ್ನೋ ಇಲ್ಲೋ ಯಾರೂ ನೋಡೂದಿಲ್ಲ." ಆತ ಟವೆಲಿನಿಂದ ಕಣ್ಣೊರೆಸಿಕೊಂಡ. "ಇವತ್ತ ಬಸ್ಸಿನ್ಯಾಗ ಹಿಂದಿನಿಂದ 'ಭಾಡ್ಯಾ' ಅಂದ ಕೂಡ್ಲೆ ಅವ್ವನ ಬಂದ್ಲೇನೋ ಅನ್ನಿಸಿಬಿಡ್ತು. ತಿರಗಿ ನೋಡಿದ್ರ ಮಾಯ ಆದಾಳು ಅಂತ ಅಂಜಿ ನೋಡಲೇ ಇಲ್ರಿ. ತಪ್ಪ ಮಾಡಿದೆ. ಆಕಿ ಸಿಕ್ರ ಕಾಲಿಗೆ ಬಿದ್ದು ಇನ್ನೊಂದ ಸಲ ಬೈಸಿಕೋತೇನಿ."

ವೀರವ್ವ ಸೆರಗಿನಲ್ಲಿ ಮೂಗು ಒತ್ತಿಕೊಂಡಳು. ಹೆಗಲ ಮೇಲಿನ ಶಾಲು ಹಸಿ ಗೋಣಿಚೀಲದಷ್ಟು ಭಾರವಾಯಿತು. ಅವರು ಎದ್ದು ಮೈಕಿನ ಹತ್ತಿರ ಹೋದರು.

"ಆ ಹೆಣ್ಣುಮಗಳು ನಾನೇ," ಎಂದರು. "ಬೈದವಳು ನಾನು. ಸುಳ್ಳು ಹೇಳಿದೆ. ನನ್ನನ್ನು ಕ್ಷಮಿಸಬೇಕು."

ಶಿದ್ಲಿಂಗಪ್ಪ ಗದ್ಗದಿತನಾಗಿ ಮೈಕಿಗೆ ಬಾಯಿ ತಂದ.

"ನೋಡ್ರಿ ಮಹನೀಯರೇ, ನೋಡ್ರಿ ದೊಡ್ಡತನಾ! ಒಬ್ಬ ಮುದುಕನ ದುಃಖ ನೋಡಲಾರದ ಊರವರ ಪಾಪಾ ತನ್ನ ತಲಿ ಮ್ಯಾಲ ಹಾಕ್ಕೊಂಡ ತಾಯಿ!"

ಚಪ್ಪಾಳೆ ಸೂರು ಹಾರಿಹೋಗುವಂತೆ ಬಿತ್ತು.

"ಇಲ್ಲ, ನಿಜವಾಗಿಯೂ ನಾನೇ," ಟೀಚರ್ ಕೂಗಿದರು. "ನಂಬಿರಿ ದಯವಿಟ್ಟು!"

ಗುಡ್ಡಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನೀವ ಆಗಿದ್ರ ಒಂದ ಸಲ ಬೈರಿ ನೋಡೂಣು. ದನಿ ಕೇಳಿದ್ರ ನನಗ ಗೊತ್ತಾಗ್ತೈತಿ."

"ಬೈರಿ ಟೀಚರ್!" ಹೆಂಗಸರ ಸಾಲಿನಿಂದ ಕೂಗು ಬಂತು. "ಬೈರಿ, ಬೈರಿ!"

ಟೀಚರ್ ಕಣ್ಣು ಮುಚ್ಚಿದರು. ಬಸ್ಸು, ಗಾಳಿ, ಸೀರೆಯ ಕಲೆ, ಎಲ್ಲ ನೆನಪು ಮಾಡಿಕೊಂಡರು. ಮಾತು ನಾಲಿಗೆಯ ತುದಿಗೆ ಬಂತು. ಆದರೆ ಕೈಯಲ್ಲಿ ಮೈಕಿತ್ತು. ಮೈಕು ಹಿಡಿದೊಡನೆ ಇಷ್ಟು ವರ್ಷ ಆ ನಾಲಿಗೆ ಒಂದೇ ದಾರಿಯಲ್ಲಿ ನಡೆದಿತ್ತು.

"ಭಾಡ್ಯಾ ಅವರೇ," ಎಂದರು ಟೀಚರ್, ಸ್ಪಷ್ಟವಾಗಿ, ಇಂಪಾಗಿ. "ತಮ್ಮ ನಾಲಿಗೆಗೆ ದಯಮಾಡಿ ಹುಳು ಬೀಳಲಿ ಎಂದು ಕೇಳಿಕೊಳ್ಳುತ್ತೇನೆ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗುಡ್ಡಪ್ಪ ಮಾತ್ರ ನಗಲಿಲ್ಲ. ಟೀಚರ ಕೈ ಹಿಡಿದು ಸಮಾಧಾನ ಹೇಳಿದ.

"ಬಿಡ್ರಿ ಅಕ್ಕಾರ. ನೀವು ದೇವರಂಥಾವ್ರು. ನಿಮಗ ಬೈಯಾಕ ಬರೂದಿಲ್ಲ. ಬೈದಾಕಿ ಬ್ಯಾರೆ ಅದಾಳ. ನಾ ಹುಡಕ್ತೇನಿ."

"ನೀ ಒಬ್ಬನ ಯಾಕ ಹುಡಕ್ತಿ? ನಾವೆಲ್ಲಾ ಅದೇವಿ!" ಶಿದ್ಲಿಂಗಪ್ಪನ ಮನಸ್ಸು ಆಗಲೇ ಪೂರ್ತಿ ಕರಗಿತ್ತು. "ಎಲ್ಲಾರೂ ಮೊಬೈಲ್ ತಗೀರಿ. ಆ ವಿಡಿಯೋ ಹಾಕಿ, 'ಈ ತಾಯಿಯನ್ನು ಕಂಡವರು ತಿಳಿಸಿ' ಅಂತ ಬರದು, ಗುಡ್ಡಪ್ಪನ ನಂಬರ್ ಹಾಕಿ, ಹಾನಗಲ್, ಶಿಗ್ಗಾವಿ, ಸವಣೂರು, ರಟ್ಟೀಹಳ್ಳಿ, ಯಾವ ಗ್ರೂಪನ್ನೂ ಬಿಡಬ್ಯಾಡ್ರಿ!"

ಟೀಚರ್ "ಬೇಡಿರಿ, ಬೇಡಿರಿ" ಎಂದದ್ದು ಯಾರಿಗೂ ಕೇಳಲಿಲ್ಲ. ಸಭಾಭವನದ ತುಂಬ ಮೊಬೈಲುಗಳು ಟಿಣ್ ಟಿಣ್ ಎನ್ನತೊಡಗಿದ್ದವು. ಮುಂಜಾನೆ ಒಂದೇ ಊರಿನಲ್ಲಿ ಸುತ್ತುತ್ತಿದ್ದ ವಿಡಿಯೋ ಉಪ್ಪಿಟ್ಟಿನ ತಟ್ಟೆ ಕೈಗೆ ಬರುವಷ್ಟರಲ್ಲಿ ತಾಲೂಕುಗಳನ್ನು ದಾಟಿ ಹೋಯಿತು.

ಸಂಜೆಯ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಟೀಚರಿಗೆ ಫೋನು ಬಂತು. ಶಿಗ್ಗಾವಿಯಲ್ಲಿ ದೊಡ್ಡ ಮಗನ ಮನೆಯಲ್ಲಿರುವ ಅತ್ತೆ, ಫಕ್ಕೀರವ್ವ. ಮದುವೆಯಾದಂದಿನಿಂದ ಇವತ್ತಿನವರೆಗೆ ಟೀಚರ್ ಈ ಅತ್ತೆಯ ಮುಂದೆ 'ಆಗಲಿ ಅತ್ತೆಯವರೇ' ಎಂಬುದರ ಹೊರತು ಮತ್ತೊಂದು ಮಾತು ಆಡಿದವರಲ್ಲ.

"ನೀಲಾ, ಯಾರೋ ಮುದುಕ ಒಬ್ಬಾಕಿನ್ನ ಹುಡಕಾಕತ್ತಾನಂತ, ವಿಡಿಯೋ ಬಂದೈತಿ. ಕಣ್ಣ ಮಂಜಾದ್ರೇನಾತು, ಸೊಸಿ ದನಿ ತಿಳಿಯೂದಿಲ್ಲೇನ? ಆಗಲೇ ಫೋನ್ ಹಚ್ಚಿ ನಿಮ್ಮನಿ ಗುರುತ ಹೇಳೇನಿ. ನಾಳೆ ಮುಂಜಾನೆ ಬೈಸಿಕೊಳ್ಳಾಕ ಬರ್ತಾನಂತ, ಪಾಪ, ನಾಷ್ಟಾ ಮಾಡಿಸಿ ಕಳಸು."

"ಆಗಲಿ, ಅತ್ತೆಯವರೇ."

ಆ ಕಡೆ ಫಕ್ಕೀರವ್ವ ಗಂಟಲು ಸರಿಮಾಡಿಕೊಂಡಳು.

"ಇಷ್ಟ ದಿನ ನನ್ನ ಮುಂದ ಬಾಯೇ ಇಲ್ಲದಾಕಿ ಹಂಗ ಇದ್ದೆಲ್ಲ ನೀ? ನಾನೂ ನಾಳಿನ ಮೊದಲನೇ ಬಸ್ಸಿಗೆ ಬರ್ತೇನಿ. ನಿಂದೂ ನಂದೂ ಒಂದೀಟ ಮಾತೈತಿ."