ಡೇಟ್ ಮುಗಿದ ಡಬ್ಬಿಗಳು

ಮನೆ ಕ್ಲೀನ್ ಮಾಡೋಕೆ ಕೂತಾಗಲೆಲ್ಲ ನಮ್ಮ ಕಡೆ ಏನಾದರೊಂದು ಆಗುತ್ತೆ. ಹಳೇ ಸಾಮಾನು ಎಸೆಯೋದು ಸುಲಭ, ಮನೆಯವರನ್ನ ಒಪ್ಪಿಸೋದೇ ಕಷ್ಟ. ನಾನು ತುಮಕೂರಲ್ಲಿ ಸ್ಕೂಲ್ ಟೀಚರು, ಮನೆ ಮರಳೂರಲ್ಲಿ. ಈ ಸಲ ದಸರಾ ರಜೆಗೆ, ಡೇಟ್ ಮುಗಿದಿದ್ದನ್ನೆಲ್ಲ ಎಸೆದೇ ಬಿಡೋಣ ಅಂತ ಒಂದು ಚೀಲ ಹಿಡಿದು ಹೊರಟೆ.

ಅತ್ತೆಯ ಮುಲಾಮು

ಮೊದಲು ಸಿಕ್ಕಿದ್ದು ನಮ್ಮತ್ತೆ ಮಂಡಿಗೆ ಹಚ್ಚೋ ಮುಲಾಮು. ಅತ್ತೆ ಚೇಳೂರಿನವರು. ತೆಂಗಿನಮರದಿಂದ ಬಿದ್ದ ಗರೀನೂ ಬಿಸಾಕದೆ ಬೆಳೆದವರು.

"ಅತ್ತೆ, ಇದರ ಡೇಟ್ ಮುಗಿದು ಎಷ್ಟೋ ಕಾಲ ಆಯ್ತು" ಅಂದೆ.

ಅವರು ಟ್ಯೂಬನ್ನ ಕಿತ್ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಆಗ್ಲಿ ಬುಡು. ನನ್ ಮಂಡೀನೂ ಹಳೇದೇ ಅಲ್ವಾ. ಹೊಸ ಮುಲಾಮು ಅದಕ್ಕೆ ಒಗ್ಗಲ್ಲ ಕಣಮ್ಮ."

ಜಿರಳೆ ಪುಡಿ

ಸಿಂಕಿನ ಕೆಳಗಡೆ ಮೂಲೆ ಒಡೆದ ಜಿರಳೆ ಪುಡಿ ಡಬ್ಬಿ ಇತ್ತು. ಅದನ್ನ ಚೀಲಕ್ಕೆ ಹಾಕೋಕೆ ಹೋದರೆ ನಮ್ಮೆಜಮಾನ್ರು ಪೇಪರ್ ಕೆಳಗಿಟ್ಟು ಎದ್ದು ಬಂದರು.

"ಅದನ್ನ ಮುಟ್ಟಬೇಡ ಕಣೇ. ಅದು ಇರೋದಕ್ಕೇ ಮನೇಲಿ ಒಂದು ಜಿರಳೆನೂ ಓಡಾಡಲ್ಲ."

ಪುಡಿ ಎಷ್ಟು ಉಳಿದಿದೆ ನೋಡೋಣ ಅಂತ ಮುಚ್ಚಳ ತೆಗೆದೆ. ಒಳಗೆ ಜಿರಳೆ ಸಂಸಾರ, ಮರಿಗಳ ಸಮೇತ ಆರಾಮಾಗಿ ಇತ್ತು. ನಾನು ಡಬ್ಬಿ ಬಿಟ್ಟು ಹಿಂದಕ್ಕೆ ಹಾರಿದೆ. ಅವರು ಬಗ್ಗಿ ನೋಡಿ, ಸಮಾಧಾನವಾಗಿ ಅಂದರು:

"ಹೇಳಲಿಲ್ವಾ. ಎಲ್ಲಾ ಇಲ್ಲೇ ಇರ್ತವೆ, ಹೊರಗೆ ಬರಲ್ಲ ಅಂತ."

ಅಣ್ಣನ ತಲೆ

ಚೀಲ ತುಂಬಿಸಿ ಗೇಟಿನ ಹತ್ತಿರ ಇಟ್ಟಿದ್ದೆ. ಅಷ್ಟರಲ್ಲಿ ಗುಬ್ಬಿಯಿಂದ ನಮ್ಮಣ್ಣ ಬಂದ. ಬರ್ತಾ ಬರ್ತಾನೇ ಚೀಲದಿಂದ ಹೇರ್ ಡೈ ಪ್ಯಾಕೆಟ್ ಎತ್ತಿಕೊಂಡ.

"ಇದನ್ನ ಒಡೆದೇ ಇಲ್ವಲ್ಲೇ. ಭಾನುವಾರ ಕುಣಿಗಲ್‌ಗೆ ಮಗಳಿಗೆ ಗಂಡಿನ ಮನೆ ನೋಡೋಕೆ ಹೋಗ್ತಿದೀವಿ, ಆಗುತ್ತೆ."

"ಅಣ್ಣ, ಡೇಟ್ ಮುಗಿದಿದೆ."

"ಬಣ್ಣಕ್ಕೆಂಥ ಡೇಟು."

ಭಾನುವಾರ ನನ್ನನ್ನ ಕರ್ಕೊಂಡು ಹೋಗೋಕೆ ಕಾರು ಬಂತು. ಅಣ್ಣನ ತಲೆ ಹಣ್ಣಾದ ಕಿತ್ತಳೆ ಥರ ಹೊಳೀತಿತ್ತು. ಹಿಂದಿನ ಸೀಟಲ್ಲಿ ಅತ್ತಿಗೆ ಅಳ್ತಾ ಕೂತಿದ್ದರು. ಪಕ್ಕದಲ್ಲಿದ್ದ ಮಗಳಿಗೆ ಹುಡುಗ ಬಹಳ ಹಿಡಿಸಿದ್ದ. ಅಪ್ಪನ ತಲೆ ನೋಡಿ ಗಂಡಿನ ಕಡೆಯವರು ಬೇಡ ಅಂದುಬಿಟ್ಟರೆ ಏನು ಗತಿ ಅಂತ ಅವಳ ಮುಖವೂ ಸಪ್ಪಗಿತ್ತು.

ಕುಣಿಗಲ್‌ನಲ್ಲಿ ಗಂಡಿನ ಮನೆಯವರೆಲ್ಲ ಅಣ್ಣನ ತಲೆ ನೋಡಿದರು, ಆಮೇಲೆ ಗೋಡೆ ನೋಡಿದರು. ಹುಡುಗನ ಅಪ್ಪ ಮಾತ್ರ ಆ ಮಧ್ಯಾಹ್ನದ ಸೆಕೆಯಲ್ಲೂ ಕಿವಿ ಮುಚ್ಚೋ ಹಾಗೆ ಮಂಕಿ ಕ್ಯಾಪ್ ಹಾಕ್ಕೊಂಡು ಕೂತಿದ್ದರು. "ಸ್ವಲ್ಪ ನೆಗಡಿ" ಅಂದರು. ಕೇಸರಿಬಾತ್ ಬಂತು, ಕಾಫಿ ಬಂತು. ಅವರ ಹಣೆಯಿಂದ ಬೆವರು ಇಳೀತಾನೇ ಇತ್ತು, ಕಣ್ಣು ಅಣ್ಣನ ತಲೆ ಬಿಟ್ಟು ಕದಲಲಿಲ್ಲ.

ಕೊನೆಗೆ ಲೋಟ ಕೆಳಗಿಟ್ಟು ನಿಧಾನಕ್ಕೆ ಕ್ಯಾಪ್ ತೆಗೆದರು. ಅವರದ್ದೂ ಅದೇ ಕಿತ್ತಳೆ.

"ನಮ್ಮನೆಯವಳು ಎಸೆಯೋಕೆ ಇಟ್ಟಿದ್ಲು, ನಾನೇ ಎತ್ಕೊಂಡೆ. ನಿಮ್ದು ಯಾವ ವರ್ಷದ್ದು?" ಅಂತ ಕೇಳಿದರು.

ಸಂಬಂಧ ಅಲ್ಲೇ ಕುದುರಿತು. ಬೀಗರಿಬ್ಬರೂ ಪಕ್ಕಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಗುಬ್ಬಿಯಲ್ಲಿ ಅದನ್ನ ನೋಡಿದ ಪಕ್ಕದ ಮನೆಯಜ್ಜಿ ಅತ್ತಿಗೆಯನ್ನ ಮೂಲೆಗೆ ಕರೆದು ಕೇಳಿತಂತೆ:

"ಇಬ್ರೂ ಒಡಹುಟ್ಟಿದವ್ರ ಥರ ಅವ್ರಲ್ಲವ್ವ. ಅಣ್ಣತಮ್ಮಂದಿರ ಮಕ್ಕಳಿಗೆ ಹೆಂಗ್ ಮದುವೆ ಮಾಡ್ತೀರಿ?"