ಗೋಲಿ ಮಶೀನಿನ ಎಡಗೈ

ನಮ್ಮ ದೊಡ್ಡ ಕಾಕಾ ತಮ್ಮ ಬೆನ್ನಿಗೆ ಬಿದ್ದ ತಮ್ಮನ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು ಎಂದರೆ ನೀವು ತಕ್ಷಣ ಹೊಲದ ಬದು, ಬಾವಿಯ ಪಾಲು, ಹೆಂಗಸರ ಚಾಡಿ ಎಂದೆಲ್ಲ ಊಹಿಸಿಬಿಡುತ್ತೀರಿ. ಎಲ್ಲರೂ ಹಾಗೆಯೇ ಊಹಿಸುತ್ತಾರೆ. ನಮ್ಮ ಮನೆತನ ಅಷ್ಟು ಸಾಮಾನ್ಯದ್ದು ಎಂದುಕೊಂಡಿರಾ? ಇವರು ಮಾತು ಬಿಟ್ಟದ್ದು ನೆಲ್ಲಿಕಾಯಿ ಗಾತ್ರದ ಒಂದು ಉಕ್ಕಿನ ಗೋಲಿಗಾಗಿ!

ಮಾತು ಬಿಟ್ಟವರು ಬೇರೆ ಬೇರೆ ಊರಿನಲ್ಲಿದ್ದರೆ ಚಿಂತೆಯಿಲ್ಲ. ಇವರಿಬ್ಬರೂ ಆಳಂದದ ಒಂದೇ ಮನೆಯಲ್ಲಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ದೊಡ್ಡ ಕಾಕಾನ ರೇಡಿಯೋ ರಿಪೇರಿ ಅಂಗಡಿ. ಸಣ್ಣ ಕಾಕಾ ಭೂಸನೂರಿನ ಸಕ್ಕರೆ ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಊಟಕ್ಕೆ ಇಬ್ಬರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಹೇಳಲೇಬೇಕಾದ ಮಾತಿದ್ದರೆ ಹಿತ್ತಲಲ್ಲಿದ್ದ ನೀರಿನ ಹಂಡೆಗೆ ಹೇಳುತ್ತಿದ್ದರು.

"ಏ ಹಂಡೆ, ನಾಳೆ ಮುಂಜಾನಿ ಭೂಸನೂರ ಬಸ್ಸಿಲ್ಲಂತ. ಬೇಕಿದ್ದವ್ರು ತಿಳಕೊಳ್ಳಲಿ" ಎಂದು ಅಣ್ಣ.

"ಹಂಡೆ, ತಿಳೀತಂತ ಹೇಳು" ಎಂದು ತಮ್ಮ.

ನಮ್ಮ ಮನೆಯ ಎಲ್ಲ ಸುದ್ದಿಯೂ ಗೊತ್ತಿದ್ದದ್ದು ಆ ಹಂಡೆಗೆ ಮಾತ್ರ. ದೊಡ್ಡ ಕಾಕಾನ ಹೆಂಡತಿ, ನಮ್ಮ ಕಾಕು, ಅದನ್ನು ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಬಹಳ ಗೌರವದಿಂದ ತಿಕ್ಕುತ್ತಿದ್ದರು.

ಇನ್ನು ಗೋಲಿಯ ವಿಷಯ. ಎಂಬತ್ತರ ದಶಕದ ನಡುವೆ ನಮ್ಮ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಮುಂಬಯಿಯಿಂದ ಸೊಲ್ಲಾಪುರದ ಮೇಲೆ ಹಾಯ್ದು ಒಂದು ಹಳೆಯ ಪಿನ್‌ಬಾಲ್ ಮೇಜು ಬಂತು. ಆಳಂದದ ಬಾಯಲ್ಲಿ ಅದು ಗೋಲಿ ಮಶೀನು. ಗಾಜು ಹೊದಿಸಿದ, ಆಡುವವರ ಕಡೆಗೆ ತುಸು ಬಾಗಿದ ಮೇಜು. ಸ್ಪ್ರಿಂಗ್ ಎಳೆದು ಬಿಟ್ಟರೆ ಗೋಲಿ ಮೇಲಕ್ಕೆ ಹಾರಿ, ಅಣಬೆಯಾಕಾರದ ಗೂಟಗಳಿಗೆ ಬಡಿದು, ಪುಟಿದು, ಕೆಳಗೆ ಉರುಳಿ ಬರುತ್ತಿತ್ತು. ಕೆಳಗೆ ಎರಡು ಪುಟ್ಟ ಕೈಗಳು. ಪಕ್ಕದ ಬಟನ್ ಒತ್ತಿದರೆ ಆ ಕೈ ಗೋಲಿಯನ್ನು ಮತ್ತೆ ಮೇಲಕ್ಕೆ ಹೊಡೆಯುತ್ತಿತ್ತು. ಕೈ ತಪ್ಪಿದರೆ ಗೋಲಿ ಮಶೀನಿನ ಹೊಟ್ಟೆಗೆ. ಇನ್ನೂ ಹಳೆಯ ಮಶೀನುಗಳಲ್ಲಿ ಅಂಕಿ ಬರೆದ ಚಕ್ರಗಳು ಟಕಟಕ ತಿರುಗುತ್ತಿದ್ದವಂತೆ. ಇದು ಚಕ್ರ ಬಿಟ್ಟು ಎಲೆಕ್ಟ್ರಾನಿಕ್ ಚಿಪ್ಪು ಹಿಡಿದ ಮೊದಲ ಪೀಳಿಗೆಯದು. ಒಳಗೆ ರೇಡಿಯೋದಂಥ ಬೋರ್ಡುಗಳು, ಮೇಲೆ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಆರು ಅಂಕಿ, ಅದರ ಹಿಂದೆ ಕುದುರೆ ಏರಿದ ಒಬ್ಬ ಮೇಮಸಾಬಳ ಚಿತ್ರ. ಕೆಟ್ಟಾಗಲೆಲ್ಲ ರಿಪೇರಿಗೆ ದೊಡ್ಡ ಕಾಕಾನೇ ಬೇಕು. ಹಾಗಾಗಿ ಆ ಮಶೀನಿನ ಒಳಹೊರಗು ತನಗೆ ಗೊತ್ತಿರುವಷ್ಟು ಅದನ್ನು ಮಾಡಿದವನಿಗೂ ಗೊತ್ತಿಲ್ಲ ಎಂಬ ಜಂಬ ಅವರಿಗೆ.

ಆಳಂದದಲ್ಲಿ ಆ ಆಟವನ್ನು ಒಬ್ಬೊಬ್ಬರೇ ಆಡುತ್ತಿರಲಿಲ್ಲ. ಒಂದೇ ಆಟಕ್ಕೆ ಇಬ್ಬರು, ಆಳಿಗೊಂದು ಕೈ. ಬಲಗೈ ದೊಡ್ಡ ಕಾಕಾ, ಎಡಗೈ ಸಣ್ಣ ಕಾಕಾ. ಊರಿಗೆಲ್ಲ ಒಂದೇ ಕುತೂಹಲ: ಆರೂ ಅಂಕಿ ಒಂಬತ್ತಾದ ಮೇಲೆ ಏನಾಗುತ್ತದೆ? ಮತ್ತೆ ಸೊನ್ನೆಗೆ ಬರುತ್ತದೆ ಎಂದು ದೊಡ್ಡ ಕಾಕಾ. ಮಶೀನು ಸುಟ್ಟು ಹೋಗುತ್ತದೆ ಎಂದು ಉಳಿದ ಊರು.

ಒಂದು ಸಂಜೆ ಅದನ್ನು ನೋಡಿಯೇಬಿಡುವ ಹೊತ್ತು ಬಂತು. ಆಗ ನಾನಿನ್ನೂ ಲಂಗ ತೊಟ್ಟ ಹುಡುಗಿ. ಹೆಣ್ಣುಮಕ್ಕಳು ಹೋಟೆಲಿನೊಳಗೆ ಹೋಗುವಂತಿರಲಿಲ್ಲವಾದ್ದರಿಂದ ಎದುರಿನ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಹೋಟೆಲಿನಲ್ಲಿ ನಲವತ್ತು ಜನ. ಮಾದನಹಿಪ್ಪರಗಾ ಬಸ್ಸಿನ ಕಂಡಕ್ಟರ್ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತಿದ್ದ. ಇನ್ನೊಂದು ಹೊಡೆತ ಬಿದ್ದಿದ್ದರೆ ಸಾಕಿತ್ತು. ಗೋಲಿ ಮೂರನೆಯ ಅಣಬೆಗೆ ಬಡಿದು ಎಡಕ್ಕೆ ಇಳಿಯಿತು, ಎಡಗೈಯ ಪಕ್ಕದಲ್ಲೇ ಜಾರಿ ಹೊಟ್ಟೆ ಸೇರಿತು.

"ಬೇಕಂತ ಬಿಟ್ಟಿ" ಎಂದರು ದೊಡ್ಡ ಕಾಕಾ.

"ಇಲ್ಲಣ್ಣಾ, ಒತ್ತೇನಿ."

"ಒತ್ತಿಲ್ಲ. ನಾ ಗೆಲ್ಲೂದು ನಿನಗ ಸೇರೂದಿಲ್ಲ. ಬೇಕಂತನ ಬಿಟ್ಟಿ."

ನಲವತ್ತು ಜನರ ಮುಂದೆ ಆಡಿದ ಮಾತು. ಸಣ್ಣ ಕಾಕಾ ಬಟನ್ ಮೇಲಿನ ಕೈ ತೆಗೆದು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದರು. ಅಲ್ಲಿಗೆ ಮಾತು ನಿಂತಿತು. ಮುಂದಿನ ವರ್ಷ ಮಶೀನೂ ಕೆಟ್ಟು ಸೊಲ್ಲಾಪುರದ ಗುಜರಿಗೆ ಹೋಯಿತು. ಒತ್ತಿದ್ದರೇ, ಒತ್ತಿರಲಿಲ್ಲವೇ ಎಂಬ ಪ್ರಶ್ನೆ ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ಮುಂದೆ ನಾನು ಓದು ಮುಗಿಸಿ ಊರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸತೊಡಗಿದೆ. ಕ್ಲಾಸೆಂದರೆ ಬಟ್ಟೆ ಅಂಗಡಿಯ ಮೇಲಿನ ಕೋಣೆ, ಎರಡು ಕಂಪ್ಯೂಟರು, ಬಾಗಿಲಲ್ಲಿ ಚಪ್ಪಲಿಯ ರಾಶಿ. ಒಂದು ದಿನ ದೊಡ್ಡ ಕಾಕಾ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಅವ್ವಾ, ಇದರಾಗ ಗೋಲಿ ಉರುಳಸಾಕ ಬರ್ತದೇನು?"

"ಬರ್ತದರಿ ಕಾಕಾ. ಯಾಕ?"

"ಒಬ್ಬಾಂವ ಹತ್ತ ವರ್ಷದಿಂದ ಸುಳ್ಳು ಹೇಳಾಕತ್ತಾನ. ಸಾಬೀತ ಮಾಡಬೇಕಾಗೇದ."

ಐವತ್ತರ ಹತ್ತಿರದ ಮನುಷ್ಯ ಕಾಲೇಜು ಹುಡುಗರ ನಡುವೆ ಕೂತು ಪ್ರೋಗ್ರಾಮ್ ಬರೆಯಲು ಕಲಿತರು. ಹುಡುಗರಿಗಿಂತ ಬೇಗ ಕಲಿತರು ಎಂದು ಹೇಳಲು ನನಗೆ ಈಗಲೂ ಹೊಟ್ಟೆಯುರಿ. ಅವರಿಗೆ ಪ್ರೋಗ್ರಾಮಿನ ಸಾಲೆಂದರೆ ವಾಯರು. ತಪ್ಪಾದರೆ, "ಇಲ್ಲೆ ಬೆಸುಗೆ ಬಿಟ್ಟದ ನೋಡವ್ವಾ" ಎಂದು ಪರದೆಗೆ ಬೆರಳು ಹಚ್ಚುತ್ತಿದ್ದರು. ತಪ್ಪು ನಿಜಕ್ಕೂ ಅಲ್ಲೇ ಇರುತ್ತಿತ್ತು!

ಮಶೀನಿನ ಜೊತೆ ಬಂದಿದ್ದ ನಕ್ಷೆಯನ್ನೂ ಒಂದು ಗೋಲಿಯನ್ನೂ ಅಣಬೆಗಳಿಗೆ ತೊಡಿಸುವ ಎರಡು ರಬ್ಬರ್ ಬಳೆಗಳನ್ನೂ ರಿಪೇರಿಯ ನೆಪದಲ್ಲಿ ಅವರು ಜೋಪಾನ ಮಾಡಿದ್ದರು. ಗೋಲಿಯನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದರು. ರಬ್ಬರಿಗೆ ಬಡಿದರೆ ಎಷ್ಟು ಪುಟಿಯುತ್ತದೆ ಎಂದು ಗೋಡೆಗೆ ಗೆರೆ ಎಳೆದು ನೋಡಿದರು. ಕಟ್ಟಿಗೆಯ ಮೇಲೆ ಎಷ್ಟು ವೇಗದಲ್ಲಿ ಉರುಳುತ್ತದೆ ಎಂದು ತಿಳಿಯಲು ಕಾಕುವಿನ ರೊಟ್ಟಿ ಬಡಿಯುವ ಹಲಗೆಯನ್ನೇ ಎತ್ತಿಕೊಂಡು ಹೋದರು.

"ಹಲಗಿ ಕೊಡ್ರಿ, ಹಿಟ್ಟು ಕಲಸೇನಿ" ಎಂದರು ಕಾಕು.

"ತಡಿಬೇ, ಇನ್ನ ನಲವತ್ತ ಸಲ ಉರುಳಸೂದದ."

"ಉರುಳಸ್ರಿ. ಮಧ್ಯಾಹ್ನ ಊಟದ ಗಂಗಾಳದಾಗ ಆ ಗೋಲೀನ ಹಾಕ್ತೇನಿ."

ಸಣ್ಣ ಕಾಕಾ ಇದನ್ನೆಲ್ಲ ನೋಡುತ್ತ ಕೈಕಾಲು ತೊಳೆದುಕೊಳ್ಳುತ್ತಿದ್ದರು. ಒಂದು ಸಂಜೆ ತಂಬಿಗೆ ಹಿಡಿದು ನಿಂತೇ ಹೇಳಿದರು: "ಹಂಡೆ, ಒತ್ತಿದಾಂವ ಒತ್ತೇನಿ ಅಂತ ಹೇಳಿದ್ದು ಸಾಲಲಿಲ್ಲಂತ. ಈಗ ಕಂಪ್ಯೂಟರ್ ಹೇಳಬೇಕಂತ." ಆ ಧ್ವನಿ ಕೇಳಿ ನನಗೆ ನಗು ಬರಲಿಲ್ಲ. ಅಣ್ಣನಿಗೆ ಇದು ಹಟವಾಗಿತ್ತು, ತಮ್ಮನಿಗೆ ಗಾಯವಾಗಿತ್ತು.

ಎಂಟು ತಿಂಗಳ ಮೇಲೆ ಮಶೀನು ಪರದೆಯ ಮೇಲೆ ಎದ್ದು ನಿಂತಿತು. ಅಣಬೆಗಳು, ಕಿತ್ತಳೆ ಅಂಕಿ, ಹದಿನಾರು ಬಣ್ಣಗಳಲ್ಲಿ ಕುದುರೆ, ಕುದುರೆಯ ಮೇಲೆ ಮೇಮಸಾಬ. ಮೇಮಸಾಬಳ ಮುಖ ನಮ್ಮ ಕಾಕುವಿನಂತೆಯೇ ಇತ್ತು, ಇರಲಿ. ದೊಡ್ಡ ಕಾಕಾ ಆ ಸಂಜೆಯ ಗೋಲಿಯನ್ನು ಅದೇ ಮೂರನೆಯ ಅಣಬೆಯಿಂದ ಬಿಟ್ಟರು. ಅದು ನೆಟ್ಟಗೆ ಬಂದು ಎಡಗೈಯ ನಡುಮಧ್ಯೆ ಕೂತಿತು. ನೂರು ಸಲ ಬಿಟ್ಟರು, ನೂರು ಸಲವೂ ಅಲ್ಲಿಗೇ ಬಂತು. ಕಣ್ಣು ಮುಚ್ಚಿ ಒತ್ತಿದರೂ ಹೊಡೆಯಬಹುದಾದ ಗೋಲಿ.

"ಸಾಬೀತಾತಲ್ರಿ. ಇನ್ನ ಹೋಗಿ ಹೇಳ್ರಿ" ಎಂದೆ. ನಾನೂ ಬೇಸತ್ತು ಹೋಗಿದ್ದೆ.

ಅವರು ಏಳಲಿಲ್ಲ. ತಾವೊಬ್ಬರೇ ಎರಡೂ ಕೈ ಹಿಡಿದು ಆಡಿದರು. ಮೂರನೆಯ ಆಟಕ್ಕೇ ಆರೂ ಅಂಕಿ ಒಂಬತ್ತಾಗಿ ಸೊನ್ನೆಗೆ ತಿರುಗಿದವು. ಇಡೀ ಆಳಂದ ಉಸಿರು ಬಿಗಿಹಿಡಿದು ಕಾದಿದ್ದ ಕುತೂಹಲ ಅಷ್ಟಕ್ಕೇ ತೀರಿಹೋಯಿತು. ದೊಡ್ಡ ಕಾಕಾನ ಮುಖ ಮಾತ್ರ ಸಪ್ಪಗಾಯಿತು.

"ಇಷ್ಟ ಸಲೀಸ ಇರಲಿಲ್ಲವ್ವಾ. ವರ್ಷಗಟ್ಟಲೆ ಇಬ್ರು ಆಡಿದ್ರೂ ಆಗಲಿಲ್ಲ. ಈಗ ಒಬ್ನೇ ಚಾ ಕುಡೀತ ಮಾಡೇನಿ. ಎಲ್ಲೋ ತಪ್ಪಾಗೇದ."

ಬೇರೆ ಯಾರಾದರೂ ಆಗಿದ್ದರೆ ಕೈಗೆ ಸಿಕ್ಕ ಸಾಬೀತನ್ನು ಬಿಡುತ್ತಿದ್ದರೇ? ಇವರು ಆ ತಪ್ಪನ್ನು ಹುಡುಕಿಕೊಂಡು ಊರೂರು ತಿರುಗಿದರು. ಆಗ ಮಶೀನು ಆಡಿದವರು ಎಲ್ಲೆಲ್ಲಿ ಇದ್ದಾರೋ ಅಲ್ಲಿಗೆಲ್ಲ ಹೋಗಿ "ಶರಣ್ರಿ, ಗೋಲಿ ಹ್ಯಾಂಗ ಬರ್ತಿತ್ತು?" ಎಂದು ಕೇಳಿದರು. ಜೇವರ್ಗಿಗೆ ವರ್ಗವಾಗಿದ್ದ ಮಾಸ್ತರರೊಬ್ಬರಿಗೆ ಗೋಲಿ ಮರೆತು ಹೋಗಿತ್ತು, ಹೋಟೆಲಿನ ಮಿರ್ಚಿ ಭಜಿಯ ರುಚಿ ಮಾತ್ರ ನೆನಪಿತ್ತು. ಅದನ್ನೇ ಒಂದು ತಾಸು ವರ್ಣಿಸಿ ಕಳಿಸಿದರು.

ಅಫಜಲಪುರ ದಾಟಿ ಭೀಮಾ ದಂಡೆಯ ಮಣ್ಣೂರಿಗೆ ನನ್ನನ್ನೂ ಕರೆದುಕೊಂಡು ಹೋದರು. ಸೀಟಿ ಊದಲು ಮರೆತಿದ್ದ ಆ ಕಂಡಕ್ಟರ್ ನಿವೃತ್ತನಾಗಿ ಅಲ್ಲಿದ್ದ.

"ನೀವು ಬಲಕ್ಕ ನಿಂದರ್ತಿದ್ರಿ, ಹೌದಲ್ರಿ?" ಎಂದ. "ಬಲಕ್ಕ ನಿಂತವ್ರು ಶಾಣ್ಯಾರು, ಎಡಕ್ಕ ನಿಂತವ್ರು ಬೈಸಿಕೊಳ್ಳವ್ರು. ಯಾವ ಜೋಡಿ ಬಂದ್ರೂ ಹಂಗ."

"ಎಲ್ಲಾ ಜೋಡೀನೂ?"

"ಎಲ್ಲಾ ಜೋಡೀನೂರಿ. ನಾ ಎರಡೂ ಕಡೆ ನಿಂತೇನಿ. ಬಲಕ್ಕ ಶಾಣ್ಯಾ, ಎಡಕ್ಕ ದಡ್ಡ."

ಮರಳಿ ಬರುವಾಗ ದೊಡ್ಡ ಕಾಕಾ ಬಸ್ಸಿನ ಟಿಕೀಟಿನ ಹಿಂದೆ ಮಶೀನಿನ ಚಿತ್ರ ಬರೆದು ಅದರ ಎಡಬದಿಯನ್ನೇ ಮತ್ತೆ ಮತ್ತೆ ತಿದ್ದಿದರು.

ಮರುದಿನ ಬೆಳಿಗ್ಗೆಯೇ ಹೋಟೆಲಿಗೆ ಹೋದೆವು. ಮಶೀನು ನಿಂತಿದ್ದ ಮೂಲೆಯಲ್ಲಿ, ಶಹಾಬಾದಿ ಕಲ್ಲಿನ ಮೇಲೆ ನಾಲ್ಕು ಕಾಲುಗಳ ತುಕ್ಕಿನ ಗುರುತು ಹಾಗೆಯೇ ಇತ್ತು. ಹೋಟೆಲಿನ ಮುದಿ ಸಾವಕಾರರು ನೆಲ ತೊಳೆಸುತ್ತಿದ್ದರು. ಕೊಡದ ನೀರು ಸುರಿದರು. ನೀರು ಬಲಗಾಲಿನ ಗುರುತನ್ನು ದಾಟಿ, ಎಡಗಾಲಿನ ಗುರುತನ್ನು ದಾಟಿ, ಸುಸೂತ್ರವಾಗಿ ಗೋಡೆ ಬದಿಯ ಮೋರಿಗೆ ಇಳಿಯಿತು. ದೊಡ್ಡ ಕಾಕಾ ಅದನ್ನೇ ನೋಡುತ್ತ ನಿಂತರು.

"ಸಾವಕಾರ್ರೆ, ಮಶೀನು ಇಲ್ಲೆ ಕೂಡಸುವಾಗ ಮಟ್ಟ ನೋಡಿದ್ರೇನು?"

"ಎದಕ್ಕ ನೋಡಬೇಕ್ರಿ?" ಎಂದರು ಸಾವಕಾರರು ಅಭಿಮಾನದಿಂದ. "ಫರಸಿ ಹಾಕಿದಾಂವ ನಂಬರ್ ಒನ್ ಗೌಂಡಿ. ಒಂದು ಹನಿ ನೀರು ನಿಂದ್ರೂದಿಲ್ಲ ನೋಡ್ರಿ."

ನಮ್ಮ ಕಡೆ ನೆಲವೆಂದರೆ ಹಾಗೆಯೇ. ಕಲ್ಲು ಹಾಸುವಾಗ ಮೋರಿಯ ಕಡೆಗೆ ಇಳಿಜಾರು ಕೊಡದ ಗೌಂಡಿಗೆ ಎರಡನೆಯ ಸಲ ಯಾರೂ ಕೆಲಸ ಕೊಡುವುದಿಲ್ಲ. ಅದು ನಮಗೆ ಎಷ್ಟು ರೂಢಿಯೆಂದರೆ ಕಣ್ಣಿಗೇ ಬೀಳುವುದಿಲ್ಲ. ದೊಡ್ಡ ಕಾಕಾ ನೀರು ತುಂಬಿದ ಪ್ಲಾಸ್ಟಿಕ್ ಕೊಳವೆ ತಂದು ಮಟ್ಟ ಅಳೆದರು. ಬಲಗಾಲಿಗೂ ಎಡಗಾಲಿಗೂ ಒಂದು ಬೆರಳಿನಷ್ಟು ವ್ಯತ್ಯಾಸ. ಮಶೀನಿನ ಒಳಗಿನ ಪ್ರತಿಯೊಂದು ವಾಯರನ್ನೂ ಬಲ್ಲವರು ಒಮ್ಮೆಯೂ ಬಗ್ಗಿ ಅದರ ಕಾಲಡಿಯ ಕಲ್ಲನ್ನು ನೋಡಿರಲಿಲ್ಲ.

ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಬದಲಾಯಿತು: ಮೇಜು ಒಂದು ಬೆರಳಿನಷ್ಟು ಎಡಕ್ಕೆ ಬಾಗಿತು. ಮೂರನೆಯ ಅಣಬೆಯಿಂದ ಬಿಟ್ಟ ಗೋಲಿ ಈ ಸಲ ನಡುಹಾದಿಯಲ್ಲಿ ತುಸುವೇ ಎಡಕ್ಕೆ ವಾಲಿತು. ಎಡಗೈಯ ಹೊರಗಿನ ಸಂದಿಗೆ ಇಳಿದು, ಕೈಗೆ ತಗಲದೆ ಹೊಟ್ಟೆ ಸೇರಿತು. ಬಟನ್ ಒತ್ತಿದರೂ ಅಷ್ಟೇ, ಒತ್ತದಿದ್ದರೂ ಅಷ್ಟೇ. ನೂರು ಸಲವೂ ಅಷ್ಟೇ.

ಅವರು ನೂರೊಂದನೆಯ ಸಲವೂ ಬಿಟ್ಟು ನೋಡಿದರು.

"ಹೇಳಬೇಕಲ್ರಿ ಕಾಕಾ" ಎಂದೆ.

"ಹ್ಯಾಂಗ ಹೇಳಲವ್ವಾ? ನಲವತ್ತ ಮಂದಿ ಮುಂದ ಅಂದೇನಿ. ಇದನ್ನ ಹಂಡೆಗಿ ಹೇಳಿದ್ರ ಆಗ್ತದೇನು?"

ಸಣ್ಣ ಕಾಕಾನಿಗೆ ಭಾನುವಾರ ರಜೆ. ಒಂದು ಅರ್ಜಿ ಟೈಪು ಮಾಡುವುದಿದೆ ಎಂದು ಸುಳ್ಳು ಹೇಳಿ ಅವರನ್ನು ಕ್ಲಾಸಿಗೆ ಕರೆತಂದೆ. ಒಳಗೆ ಅಣ್ಣನನ್ನು ಕಂಡವರೇ ಹೊರಳಿ ಬಾಗಿಲ ಕಡೆ ನಡೆದರು. ದೊಡ್ಡ ಕಾಕಾ ತಲೆ ಎತ್ತಲಿಲ್ಲ. ಸ್ಟೂಲನ್ನು ಎಳೆದುಕೊಂಡು ಕೀಲಿಮಣೆಯ ಎಡಬದಿಗೆ ಕೂತರು. ಹುಟ್ಟಿದಾಗಿನಿಂದ ತಮ್ಮದೇ ಎಂಬಂತೆ ಹಿಡಿದಿದ್ದ ಬಲಬದಿಯ ಕುರ್ಚಿಯನ್ನು ಖಾಲಿ ಬಿಟ್ಟರು.

ಸಣ್ಣ ಕಾಕಾ ಹಿಂತಿರುಗಿ ಪರದೆಯನ್ನು ನೋಡಿದರು. ಅಣಬೆಗಳು, ಕಿತ್ತಳೆ ಅಂಕಿಗಳು. ಬಾಗಿಲವರೆಗೆ ಹೋಗಿದ್ದವರು ತಿರುಗಿ ಬಂದು ಆ ಕುರ್ಚಿಯಲ್ಲಿ ಕೂತರು. ನಾನು ಮೂರನೆಯ ಅಣಬೆಯಿಂದ ಗೋಲಿ ಬಿಟ್ಟೆ.

ಗೋಲಿ ಬಂತು. ದೊಡ್ಡ ಕಾಕಾ ಒತ್ತಿದರು. ಗೋಲಿ ಪಕ್ಕದಲ್ಲಿ ಜಾರಿ ಹೋಯಿತು. ಎರಡನೆಯದು ಬಂತು, ಒತ್ತಿದರು, ಹೋಯಿತು. ಮೂರನೆಯದಕ್ಕೆ ಕೀಲಿ ಮುರಿಯುವಷ್ಟು ಜೋರಾಗಿ ಒತ್ತಿದರು, ಅದೂ ಹೋಯಿತು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಸಣ್ಣ ಕಾಕಾ ಪರದೆಯ ಕಡೆ ನೋಡುತ್ತಲೇ ಇರಲಿಲ್ಲ. ಅಣ್ಣನ ಬೆರಳನ್ನೇ ನೋಡುತ್ತಿದ್ದರು.

"ನೀ ಒತ್ತೀದಿ ಅಣ್ಣಾ" ಎಂದರು ಮೆಲ್ಲಗೆ. "ನಾ ನೋಡೇನಿ."

ದೊಡ್ಡ ಕಾಕಾ ಕೀಲಿಯ ಮೇಲಿನ ಬೆರಳು ತೆಗೆಯದೆ ಹೇಳಿದರು: "ನೀನೂ ಒತ್ತಿದ್ದಿ ತಮ್ಮಾ. ಅವತ್ತ ನಾ ನೋಡಲಿಲ್ಲ."